ವೇದವತಿಯ ಮೊದಲ ವಿದ್ಯಾರ್ಥಿ

ಗಣಿತದಲ್ಲಿ ಬಿ.ಎಸ್ಸಿ. ಮಾಡಿದ ಹುಡುಗಿಗೆ ಇರುವುದು ಎರಡೇ ದಾರಿ, ಮೇಷ್ಟರಿಕೆ ಇಲ್ಲವೇ ಮದುವೆ ಎಂಬುದು ಕೃಷ್ಣಮೂರ್ತಿಪುರಂನ ಕೃಷ್ಣಸ್ವಾಮಿಗಳ ಸಿದ್ಧಾಂತ. ೧೯೫೮ರ ಬೇಸಿಗೆಯಲ್ಲಿ ಮಗಳು ವೇದವತಿಗೆ ಎರಡೂ ಒಟ್ಟಿಗೆ ಒದಗಿದವು. ಜೂನ್ ಒಂದರೊಳಗೆ ಹಾಜರಾಗಬೇಕೆಂದು ನಂಜನಗೂಡಿನ ಹೈಸ್ಕೂಲೊಂದರಿಂದ ಆರ್ಡರು ಬಂತು. ಅದೇ ವಾರ ಗಿರಿಜಾಂಬಾ ತಮ್ಮ ಮಗ, ಗುಮಾಸ್ತ ಸುಂದರೇಶನೊಡನೆ ಹೆಣ್ಣು ನೋಡಲು ಬಂದರು.

ಉಪ್ಪಿಟ್ಟು ಕೇಸರಿಬಾತು ಮುಗಿದ ಮೇಲೆ ಆಕೆ ಹಾಡು ಹೇಳೆನ್ನಲಿಲ್ಲ.

"ಲೆಕ್ಕ ಓದಿದೀಯಂತಲ್ಲಮ್ಮ. ಇವನ ಬಡ್ತಿಗೆ ಇಲಾಖೆ ಪರೀಕ್ಷೆ ಆಗ್ಬೇಕು. ಲೆಕ್ಕದ ಪೇಪರಲ್ಲೇ ಮೂರು ಸಲ ಹೋಯ್ತು. ಒಂಚೂರು ಹೇಳ್ಕೊಡು. ಹೇಗಿದ್ರೂ ಮನೆಯವನೇ ಆಗೋನಲ್ವೆ."

ಕೊನೆಯ ಮಾತನ್ನು ಕೃಷ್ಣಸ್ವಾಮಿಗಳು ಒಪ್ಪಿಗೆಯೆಂದೇ ತಿಳಿದರು. ಮರುದಿನದಿಂದ ಸುಂದರೇಶ ಸಂಜೆ ಆರಕ್ಕೆ ಹಾಜರು. ಮರ್ಯಾದೆಗೆಂದು ಕೃಷ್ಣಸ್ವಾಮಿಗಳು ಇಬ್ಬರ ನಡುವೆ ದಿನಪತ್ರಿಕೆ ಹಿಡಿದು ಕೂರುತ್ತಿದ್ದರು. (ಕೆಲವೇ ದಿನಗಳಲ್ಲಿ ಇವರಿಗೇ ಚಕ್ರಬಡ್ಡಿ ಅರ್ಥವಾಯಿತು, ಸುಂದರೇಶನಿಗೆ ಇನ್ನೂ ಇಲ್ಲ.)

"ನಂಜನಗೂಡಿಗೆ ಏನು ಬರೀಲಿ ಅಪ್ಪ?"

"ಬರಲ್ಲ ಅಂತ ನಾನೇ ಬರೆದಾಯ್ತು ಕಣಮ್ಮ. ಕೆಲಸಕ್ಕೆ ಹೋಗೋ ಸೊಸೆ ಬೇಕು ಅಂತ ಅವರೇನೂ ಹೇಳಿಲ್ಲವಲ್ಲ."

"ಸೊಸೆ ಬೇಕು ಅಂತ್ಲೂ ಅವರಿನ್ನೂ ಹೇಳಿಲ್ಲ."

ಹೆಣ್ಣಿನ ಕಡೆಯವರು ಮೇಲೆ ಬಿದ್ದು ಕೇಳಬಾರದು. ಇವರು ಕೇಳಲಿಲ್ಲ. ಆಷಾಢ ಕಳೆಯಲಿ ಎಂದರು ಗಿರಿಜಾಂಬಾ, ಕಳೆಯಿತು. ಸುಂದರೇಶ ಬರೆದ ಪರೀಕ್ಷೆಯ ಫಲಿತಾಂಶ ಬರಲಿ ಎಂದರು. ನಂಜನಗೂಡಿನ ಜಾಗಕ್ಕೆ ಜುಲೈನಲ್ಲೇ ಬೇರೊಬ್ಬರು ಬಂದರು.

ಶ್ರಾವಣದಲ್ಲಿ ಸುಂದರೇಶ ಪಾಸಾದ. ಮರುದಿನವೇ ಗಿರಿಜಾಂಬಾ ತಟ್ಟೆಯ ತುಂಬ ಹಣ್ಣು ಹೂವು ಹಿಡಿದು ಬಂದರು. ಕೃಷ್ಣಸ್ವಾಮಿಗಳು ಶಲ್ಯ ಹೊದ್ದು, ಮುಹೂರ್ತ ನೋಡಲು ಗೂಡಿನಿಂದ ಪಂಚಾಂಗ ಕೆಳಗಿಳಿಸಿದರು.

"ಬಡ್ತೀನೂ ಆಯ್ತು, ಮದುವೇನೂ ಗೊತ್ತಾಯ್ತು ಕಣ್ರೀ. ಹುಡುಗಿ ಹಾಸನದವಳು."

"ಮತ್ತೆ ನಮ್ಮ ವೇದ?"

"ನಾನೂ ಅವನ್ನ ಕೇಳ್ದೆ. ವಿದ್ಯೆ ಹೇಳ್ಕೊಟ್ಟ ಗುರು ತಾಯಿ ಸಮಾನ, ಮದುವೆ ಆಗೋದು ಹೇಗಮ್ಮ ಅಂದ್ಬುಟ್ಟ. ಧರ್ಮದ ಮಾತು, ಎದುರು ಹೇಳೋಕಾಗುತ್ಯೆ?" ಆಕೆ ವೇದವತಿಗೆ ಕುಂಕುಮ ಕೊಟ್ಟರು. "ಆ ಹುಡುಗೀಗೂ ಎಸ್ಸೆಸ್ಸೆಲ್ಸಿ ಲೆಕ್ಕ ಒಂದು ಉಳ್ಕೊಂಡಿದೆ. ಮದುವೆ ಆದ್ಮೇಲೆ ಸಾಯಂಕಾಲ ಇಲ್ಲಿಗೇ ಕಳಿಸ್ತೀನಿ. ನಿನ್ನ ಕೈಗುಣ ಚೆನ್ನಾಗಿದೆ."

ಕೃಷ್ಣಸ್ವಾಮಿಗಳು ಸಿಟ್ಟಿನಿಂದ ಬಾಯಿ ತೆರೆದರು. ಅಷ್ಟರಲ್ಲಿ ವೇದವತಿ ತಟ್ಟೆ ತೆಗೆದುಕೊಂಡು, "ಕಳಿಸಿ" ಎಂದಳು.

ಆಮೇಲೆ ತಂದೆಯ ಕಡೆ ತಿರುಗಿ ಮೆಲ್ಲಗೆ ಹೇಳಿದಳು:

"ಈ ಕೆಲಸಕ್ಕೂ ಬರಲ್ಲ ಅಂತ ನೀವು ಬರೀಬೇಡಿ, ಅಪ್ಪ."