ಬೀಕರಿನಲ್ಲಿ ಉಳಿದ ನೊರೆ

ಇಂದ,
ಹನುಮವ್ವ,
ಗಾಜಿನ ಸಾಮಾನು ತೊಳೆಯುವವಳು (ಸದ್ಯ ಕೆಲಸದಿಂದ ತೆಗೆದುಹಾಕಲ್ಪಟ್ಟವಳು),
ಕುರ್ಲಾ ಪೂರ್ವ, ಮುಂಬಯಿ.

ಗೆ,
ಡಾ. ಪ್ರಶಾಂತ ಅವರು,
ಮುಖ್ಯಸ್ಥರು, ಜೆಲ್ ಪ್ರಯೋಗಾಲಯ, ಘಾಟ್ಕೋಪರ್.

ವಿಷಯ: ನಿರ್ಲಕ್ಷ್ಯದ ಮೆಮೊ ರದ್ದುಪಡಿಸುವ ಕುರಿತು.

ಉಲ್ಲೇಖ: 1) ಮಾರ್ಚ್ ಹನ್ನೊಂದರ ತಮ್ಮ ಮೆಮೊ. 2) ಕಳೆದ ಸೋಮವಾರ ತಾವು ಕಳಿಸಿದ ಕರೆ.

ಮಾನ್ಯರೇ,

ಅರ್ಜಿದಾರಳು ಹೇಳಿದ್ದನ್ನು ಅವಳು ಇರುವ ಚಾಳಿನ (ವಠಾರದ) ನಿವೃತ್ತ ಗುಮಾಸ್ತ ಯಲ್ಲಾಲಿಂಗ ಬರೆದುಕೊಟ್ಟಿದ್ದಾನೆ. ತಾವು ಧಾರವಾಡದವರು, ಅರ್ಜಿದಾರಳನ್ನು ಬೈದದ್ದೂ ಕನ್ನಡದಲ್ಲೇ. ಕಾರಣ, ಅರ್ಜಿಯೂ ಕನ್ನಡದಲ್ಲಿದೆ.

1. ವಿಜಯಪುರದ ಕಡೆಯ ಹನುಮವ್ವ ತಮ್ಮಲ್ಲಿ ಒಂಬತ್ತು ವರ್ಷ ಬೀಕರು ತೊಳೆದಳು. ಸುಟ್ಟ ಗಾಯಕ್ಕೆ ಹಚ್ಚುವ ಜೆಲ್ ಹಾಳೆ ಮಾಡುವುದು ತಮ್ಮ ಕೆಲಸ. ಮುಕ್ಕಾಲುಪಾಲು ನೀರೇ ಆದ ಆ ಹಾಳೆ, ಒಂಬತ್ತು ವರ್ಷವೂ ಎಳೆದ ಕೂಡಲೇ ಗಿಣ್ಣದ ಹಾಗೆ ಒಡೆಯಿತು. ಅದಕ್ಕಾಗಿ ಯಾರಿಗೂ ಮೆಮೊ ಕೊಟ್ಟದ್ದಿಲ್ಲ.

2. ಮಾರ್ಚ್ ಹತ್ತರಂದು ನಳ ನಿಂತಿತು. "ಸರ್, ನೊರಿ ಪೂರ್ತಿ ಹೋಗಿಲ್ರೀ. ನೀರು ಬರೂತನಕಾ ತಡೀರಿ," ಎಂದಳು ಹನುಮವ್ವ. "ಒರಿಸಿ ಕೊಡು, ನೊರಿ ಏನ್ ಮಾಡ್ತದ?" ಎಂದಿರಿ ತಾವು. ನೊರೆ ಏನು ಮಾಡಿತೆಂಬುದು ಈಗ ತಮ್ಮ ಪ್ರಬಂಧದ ಹದಿನಾಲ್ಕು ಪುಟಗಳಲ್ಲಿದೆ.

3. ಮರುದಿನ ಜೆಲ್ ಮಬ್ಬಾಗಿ ಬಂತು. ತಾವು ಅದನ್ನು ಕಸದ ಡಬ್ಬಿಗೆ ಹಾಕಿ, ಹಿಂದಿನ ದಿನ ತಾವೇ ಆಡಿದ ಮಾತನ್ನೂ ಅದರ ಜೊತೆಗೇ ಹಾಕಿದಿರಿ. "ಸಾಬೂನಿನ ಅಂಶ ಉಳಿಸಿದ ಘೋರ ನಿರ್ಲಕ್ಷ್ಯ" ಎಂದು ಮೆಮೊ ಬರೆದು, ಅರ್ಜಿದಾರಳನ್ನು ಅಂದೇ ಗೇಟಿನ ಹೊರಗೆ ಕಳಿಸಿದಿರಿ.

4. ತಮ್ಮ ಕೈಕೆಳಗೆ ಪಿಎಚ್.ಡಿ. ಮಾಡುವ, ಅರ್ಜಿದಾರಳನ್ನು ಮಾವ್ಶಿ (ಚಿಕ್ಕಮ್ಮ) ಎಂದು ಕರೆಯುವ ರೂಪಾಲಿ ಆ ಹಾಳೆಯನ್ನು ಡಬ್ಬಿಯಿಂದ ಹೆಕ್ಕಿ, ಎಳೆಯುವ ಯಂತ್ರಕ್ಕೆ ಸಿಕ್ಕಿಸಿದಳು. ಅದು ಹತ್ತು ಪಟ್ಟು ಉದ್ದವಾಯಿತು, ಬಿಟ್ಟರೆ ಮೊದಲಿನಂತಾಯಿತು. "ಮಾವ್ಶಿ, ಹರೀತಾನೇ ಇಲ್ಲ! ಬಿಲ್ಕುಲ್ ರಬ್ಬರ್!" ಎಂದು ಫೋನಿನಲ್ಲಿ ಕೂಗಿದಳು. ತನ್ನನ್ನು ಮತ್ತೆ ಕರೆಯುತ್ತಾರೆಂದು ಹನುಮವ್ವ ವಾರಗಟ್ಟಲೆ ಫೋನು ಹಿಡಿದೇ ಕೂತಳು. ಬಂದದ್ದು, ಆ ಜೆಲ್ ಕಂಡುಹಿಡಿದಿರೆಂದು ತಮಗೆ ನಡೆಯುವ ಸನ್ಮಾನದ ಸುದ್ದಿ.

5. ಅರ್ಜಿದಾರಳ ಕೈಯಲ್ಲಿದ್ದಾಗ ಅದು ಸಾಬೂನು. ತಮ್ಮ ಭಾಷಣದಲ್ಲಿ ಸರ್ಫ್ಯಾಕ್ಟಂಟ್. ಸಭೆ ಮುಗಿದ ಮೇಲೆ ಹನುಮವ್ವ ಬಾಗಿಲಲ್ಲಿ ಕಾದು ನಿಂತು, "ಸರ್, ಮೆಮೊ ಹಿಂದ ತಗೋರಿ. ಭಾಂಡುಪ್ ದವಾಖಾನ್ಯಾಗ ಅದನ್ನ ನೋಡಿ ಕೆಲಸ ಇಲ್ಲ ಅಂದ್ರು," ಎಂದಳು. ಹೆಗಲ ಮೇಲಿನ ಶಾಲು ಸರಿಪಡಿಸುತ್ತ ತಾವು, "ಅದು ಬ್ಯಾರೆ, ಇದು ಬ್ಯಾರೆ, ಹನುಮವ್ವಾ. ನಿಂದು ತಪ್ಪು, ನಂದು ಸಂಶೋಧನೆ," ಎಂದಿರಿ. ಇಷ್ಟು ಸೂಕ್ಷ್ಮ ವ್ಯತ್ಯಾಸ ಅಳೆಯುವ ಯಂತ್ರ ತಮ್ಮ ಪ್ರಯೋಗಾಲಯದಲ್ಲಿರುವುದು ಅರ್ಜಿದಾರಳಿಗೆ ಗೊತ್ತಿರಲಿಲ್ಲ.

6. ಈಗ ಪ್ರಬಂಧ ಅಚ್ಚುಹಾಕುವ ಪತ್ರಿಕೆಯವರು ಪ್ರಯೋಗವನ್ನು ಮತ್ತೊಮ್ಮೆ ಮಾಡಿ ತೋರಿಸಿ ಎಂದಿದ್ದಾರಂತೆ. ತಾವು ಮೂವತ್ತೊಂದು ಸಲ ಮಾಡಿದಿರಂತೆ. ಸಾಬೂನು ಕಡಿಮೆಯಾದರೆ ಹಾಳೆ ಒಡೆಯುತ್ತದೆ, ಹೆಚ್ಚಾದರೆ ಲೋಳೆಯಾಗಿ ಬೆರಳಿಂದ ಜಾರುತ್ತದೆ. ಆದ್ದರಿಂದ ಸೋಮವಾರ ರೂಪಾಲಿಯನ್ನು ಚಾಳಿಗೆ ಕಳಿಸಿದಿರಿ. "ಮಾವ್ಶಿ, ಒಂದೇ ದಿನ ಬಾ ಅಂದಾರ ಸರ್. ಆ ದಿನ ಹೆಂಗ ತೊಳದಿದ್ದಿ, ಸೇಮ್ ಹಂಗ."

"ಅದ ತಪ್ಪು ಮತ್ತ ಮಾಡಾಕ ಕರಿಯಾಕ ಹತ್ಯಾರೇನವಾ?" ಎಂದಳು ಹನುಮವ್ವ. ಹುಡುಗಿಯ ಮೇಲೆ ಅರ್ಜಿದಾರಳಿಗೆ ಸಿಟ್ಟಿಲ್ಲ. ಚಹಾ ಕುಡಿಸಿ ಕಳಿಸಿದಳು.

ಆದ್ದರಿಂದ ಪ್ರಾರ್ಥನೆ ಏನೆಂದರೆ, ಮೆಮೊ ರದ್ದಾದ ಆದೇಶ ಲಿಖಿತವಾಗಿ ಕೈಸೇರಬೇಕು, ಕೆಲಸ ಕಾಯಂ ಆಗಿ ಮರಳಬೇಕು. ಅದಾದ ಮೇಲಷ್ಟೇ ಅರ್ಜಿದಾರಳು ಬೀಕರು ಮುಟ್ಟುತ್ತಾಳೆ. ಎಷ್ಟು ನೊರೆ ಉಳಿಸಿ ಒರೆಸಿದ್ದಳೆಂಬುದು ಅವಳ ಕೈಗೆ ಗೊತ್ತು, ಯಾವ ಕಾಗದದಲ್ಲೂ ಇಲ್ಲ.

ತಮ್ಮ ವಿಶ್ವಾಸಿ (ವಿಶ್ವಾಸ ಒಂದೇ ಕಡೆಯಿಂದ),
ಹನುಮವ್ವ

ಲಗತ್ತು: 1) ಮೆಮೊದ ನಕಲು, ಅಂದಿನ ಜೆಲ್‌ನಲ್ಲಿ ಸಾಬೂನು ಇತ್ತೆಂಬುದಕ್ಕೆ ತಮ್ಮ ಸಹಿಯಿರುವ ಏಕೈಕ ದಾಖಲೆ. 2) ಸನ್ಮಾನದ ಆಮಂತ್ರಣ ಪತ್ರಿಕೆ.

ವಿ.ಸೂ.: ಈ ಅರ್ಜಿ ತಲುಪಿದ್ದಕ್ಕೆ ಮುದ್ರೆ ಒತ್ತಿ ಒಂದು ಪ್ರತಿ ಹಿಂತಿರುಗಿಸಬೇಕಾಗಿ ವಿನಂತಿ. ಪ್ರಬಂಧ ಅಚ್ಚುಹಾಕುವ ಪತ್ರಿಕೆಯವರ ವಿಳಾಸ ಯಲ್ಲಾಲಿಂಗನಿಗೆ ಸಿಕ್ಕಿದೆ.