ಅತ್ತೆಯ ಹಳದಿ ಸೀರೆ ಮತ್ತು ನನ್ನ ಕಿಟಕಿ ಸೀಟು

ಬೆಳಿಗ್ಗೆ ಎದ್ದು ಒದ್ದೆ ಪಂಚೆ ಹಿಂಡಿ ಕವರಿಗೆ ತುಂಬಿದೆ. ಯಜಮಾನರಿಗೆ ಬಿಪಿ ಮಾತ್ರೆ ನುಂಗಿಸಿದೆ. ಅತ್ತೆಯ ಅಸ್ಥಿ ತಂದಿದ್ದ ತಾಮ್ರದ ಚೊಂಬನ್ನು ತೊಳೆದು ಟವೆಲಿನಲ್ಲಿ ಸುತ್ತಿದೆ. ಕಾಶಿಯ ಕೆಲಸ ಮುಗಿದಿತ್ತು. ಉಳಿದದ್ದು ಒಂದೇ. ವಿಮಾನದಿಂದ ನಮ್ಮ ತೋಟ ನೋಡುವುದು!

ಗುಬ್ಬಿಯ ತೋಟದಲ್ಲಿ ವಿಮಾನದ ಸದ್ದಾದರೆ ಸಾಕು, ಅತ್ತೆ ಕೊಬ್ಬರಿ ಒಡೆಯುವುದನ್ನು ನಿಲ್ಲಿಸಿ ತಲೆ ಎತ್ತುತ್ತಿದ್ದರು.

"ಅವರ್ಗೆ ನಾವ್ ಕಾಣ್ತೀವೇನೇ?"

"ಒಂದಿನ ಇಬ್ರೂ ಹೋಗಿ ನೋಡಣ ಬುಡಿ ಅತ್ತೆ."

ಹೋದೆವು. ಅತ್ತೆ ಚೊಂಬಿನಲ್ಲಿ, ನಾನು ಸೀಟಿನಲ್ಲಿ. ಆಗ ಕತ್ತಲೆ, ಏನೂ ಕಾಣಲಿಲ್ಲ. ಬರುವಾಗಲಾದರೂ ಅವರ ಪರವಾಗಿ ನೋಡಬೇಕಿತ್ತು. ತೋಟದಲ್ಲಿದ್ದ ಮೈದುನ ಲೋಕೇಶ ಫೋನಿನಲ್ಲಿ ಧೈರ್ಯ ಹೇಳಿದ್ದ: "ತಾರಸಿ ಮೇಲೆ ಅವ್ವನ ಸೀರೆ ಹಾಸಿರ್ತೀನಿ ಅತ್ತಿಗೆ. ಗುರುತು ಸಿಗುತ್ತೆ."

ಕಿಟಕಿ ಸೀಟು ಸಿಕ್ಕಿತು. ಕಿಟಕಿಯ ತುಂಬ ರೆಕ್ಕೆ! ಹಿಂದಿನ ಸಾಲಿನವರನ್ನು ಗೋಗರೆದು ಸೀಟು ಬದಲಾಯಿಸಿಕೊಂಡೆ.

"ಶಿರಾ ಗೇಟ್ ಬಸ್ಸು ಅಂದ್ಕೊಂಡ್ಯೇನೇ?" ಎಂದರು ಯಜಮಾನರು, ಬ್ಯಾಗು ಹೊತ್ತು ಹಿಂದೆ ಬರುತ್ತಾ.

ಕೆಳಗೆ ಹೊಲಗಳು ತೇಪೆ ಹಾಕಿದ ದುಪ್ಪಟಿಯಂತೆ ಹರಡಿದ್ದವು. ನೀರು ಹೊಳೆಯಿತು.

"ರೀ, ಕುಣಿಗಲ್ ಕೆರೆ!"

"ಹೊರಟು ಅರ್ಧ ಗಂಟೆನೂ ಆಗಿಲ್ಲ ಕಣೇ."

ಬಹಳ ಹೊತ್ತಾದ ಮೇಲೆ ಮತ್ತೆ ನೀರು. "ಇದಂತೂ ಗುಬ್ಬಿ ಕೆರೇನೇ!" ಎಂದು ಕೈ ಮುಗಿದೆ. ಪಕ್ಕದ ಸೀಟಿನ ಉತ್ತರ ಭಾರತದ ಅಜ್ಜಿ ಯಾವುದೋ ಪುಣ್ಯಕ್ಷೇತ್ರವೆಂದು ತಾವೂ ಕೈ ಮುಗಿದರು. ಗಗನಸಖಿ ಬಂದು, ಅದು ತೆಲಂಗಾಣ ಎಂದಳು!

ನಿಜವಾಗಿ ನಮ್ಮ ಕಡೆ ಬರುವ ಹೊತ್ತಿಗೆ ಬರೀ ಮೋಡ. ಮೋಡ ಸರಿದಾಗ ವಿಮಾನದ ಚಕ್ರ ನೆಲಕ್ಕೆ ಬಡಿದಿತ್ತು.

ನಾವಿರುವ ಮರಳೂರಿನ ಮನೆಗೆ ಬಂದು ಬಾಗಿಲು ತೆಗೆಯುವಾಗಲೇ ಲೋಕೇಶನ ಫೋನು.

"ಕಾಣಿಸ್ತಾ ಅತ್ತಿಗೆ? ಬೆಳಿಗ್ಗೆಯಿಂದ ತಾರಸಿ ಮೇಲೇ ಇದೀನಿ. ಹೋದ ಪ್ಲೇನಿಗೆಲ್ಲ ಟವೆಲ್ ಬೀಸ್ದೆ!"

ಇಲ್ಲವೆನ್ನಲು ಬಾಯಿ ಬರಲಿಲ್ಲ. "ಕಾಣಿಸ್ತು ಕಣಪ್ಪ! ಹಳದಿ ಸೀರೆ, ಪಳಪಳ ಅಂತಿತ್ತು!"



"ಹಳದಿ ಸೀರೇನ ಅವ್ವಂಗೆ ಉಡಿಸಿ ಕಳಿಸಿದ್ದು ನೀವೇ ಅಲ್ವಾ ಅತ್ತಿಗೆ? ನಾನ್ ಹಾಸಿದ್ದು ಹಸಿರುದು."

ತೆಂಗಿನ ತೋಟದ ನಡುವೆ ಹಸಿರು ಸೀರೆ! ನಗಲು ಬಾಯಿ ತೆರೆದೆ. ಅಳು ಬಂತು.

"ಬುಡಿ ಅತ್ತಿಗೆ," ಎಂದ ಲೋಕೇಶ ಮೆಲ್ಲಗೆ. "ಹಳದಿ ಕಾಣಿಸ್ತು ಅಂದ್ರೆ ಅವ್ವನೇ ಬಂದು ನಿಂತಿದ್ಲೇನೋ."

ಚೊಂಬನ್ನು ಮೂಲೆಯಲ್ಲಿಡುತ್ತಾ ಅತ್ತೆಗೆ ಮಾತ್ರ ನಿಜ ಹೇಳಿದೆ: "ಮೇಲಿಂದ ನಾವ್ ಯಾರೂ ಕಾಣಲ್ಲ ಅತ್ತೆ."

ಅನ್ನ, ಹುರುಳಿ ಸಾರು ಮಾಡಿದೆ. ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಯಜಮಾನರು ಚಕಾರವೆತ್ತದೆ ಉಂಡು, ನನಗಿಂತ ಮೊದಲೇ ಮಲಗಿ ನಿದ್ದೆ ಹೋದರು. ಗೋಡೆ ಕಡೆಗೆ ಒತ್ತಿಕೊಂಡು ಮಲಗಿದ್ದರು. ಕಿಟಕಿ ಕಡೆ ನನಗೆ ಬಿಟ್ಟಿದ್ದರು!