ತಾಲ್ಲೂಕಿಗೊಂದು ಸಂಬಳ

ನಾನು ಸರ್ವೇಯರ್ ಎಂದು ಹೇಳಿದರೆ ಸಾಕು, ಎಷ್ಟು ಸಿಗುತ್ತದೆ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಬಸ್ಸಿನಲ್ಲಿ ಪಕ್ಕ ಕುಳಿತವರು ಕೇಳಿದ್ದಾರೆ. ಹಲ್ಲು ಕೀಳುತ್ತಿದ್ದ ಡಾಕ್ಟರೂ ಕೇಳಿದ್ದಾರೆ. ಆಗ ನಾನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ನಾನು ಸರ್ಕಾರಿ ನೌಕರನಲ್ಲ, ಪರವಾನಗಿ ಪಡೆದ ಭೂಮಾಪಕ. ತಿಂಗಳ ಸಂಬಳವಿಲ್ಲ. ಕಚೇರಿಯವರು ಫೈಲು ಕೊಡುತ್ತಾರೆ, ಜಮೀನು ಅಳೆದು ನಕ್ಷೆ ಕೊಟ್ಟರೆ ಫೈಲಿಗೆ ಇಷ್ಟು ಎಂದು ದುಡ್ಡು ಬರುತ್ತದೆ. ದರ ಎಲ್ಲ ತಾಲ್ಲೂಕಿಗೂ ಒಂದೇ. ಆದರೆ ಜನರ ಲೆಕ್ಕದಲ್ಲಿ ನನ್ನ ಸಂಪಾದನೆ ತಾಲ್ಲೂಕಿನ ಗಡಿ ದಾಟಿದ ಕೂಡಲೇ ಬದಲಾಗುತ್ತದೆ. ಇದು ಗೊತ್ತಾದದ್ದು ಹೆಣ್ಣು ನೋಡಲು ಹೊರಟ ವರ್ಷ. ಮೂವತ್ತು ದಾಟಿದ್ದೆ. ಈ ವರ್ಷವೂ ಮದುವೆ ಆಗದಿದ್ದರೆ ತನ್ನ ಜೊತೆ ಮಾತಾಡಬೇಡ ಎಂದು ಅವ್ವ ಹೇಳಿದ್ದಳು. ಮಾತುಕತೆಗೆ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಜೊತೆಗೆ ಹೊರಟರು.

ಚಿತ್ರದುರ್ಗ

ಹುಡುಗಿಯ ತಂದೆ ನಿವೃತ್ತ ಗುಮಾಸ್ತರು. ಬೇಸಿಕ್ ಎಷ್ಟು ಎಂದರು. ಬೇಸಿಕ್ ಇಲ್ಲ ಎಂದೆ. ಡಿ.ಎ. ಕೇಳಿದರು. ಅದೂ ಇಲ್ಲ. ಪಿಂಚಣಿಯ ವಿಷಯಕ್ಕೆ ಬರುವ ಮೊದಲು ಕನ್ನಡಕ ತೆಗೆದರು. ಆ ಉತ್ತರವನ್ನು ಸ್ಪಷ್ಟವಾಗಿ ನೋಡುವುದು ಅವರಿಗೆ ಬೇಡವಾಗಿತ್ತು.

“ಫೈಲು ಬರದ ತಿಂಗಳು ಏನ್ ಮಾಡ್ತೀರಿ?”

“ಮನೇಲಿರ್ತೀನಿ.”

ಭಾವ ನನ್ನ ಕಾಲು ತುಳಿದರು. ಉಪ್ಪಿಟ್ಟು ಆಗಲೇ ಬಂದಾಗಿತ್ತು. ಅದರ ಬೆನ್ನಿಗೆ ಬರಬೇಕಿದ್ದ ಕೇಸರಿಬಾತು ಅಡುಗೆಮನೆಯಲ್ಲೇ ಉಳಿಯಿತು. ಅದರ ತುಪ್ಪದ ವಾಸನೆ ಮಾತ್ರ ಮರ್ಯಾದೆಯಿಂದ ಗೇಟಿನ ತನಕ ಬಂದು ನಮ್ಮನ್ನು ಕಳಿಸಿಕೊಟ್ಟಿತು.

ಹಿರಿಯೂರು

ಇಲ್ಲಿ ಹೆದ್ದಾರಿ ಪಕ್ಕದ ಜಮೀನಿನ ಬೆಲೆ ಏರಿದ ಮೇಲೆ, ಅದನ್ನು ಅಳೆಯುವವನ ಮನೆಯಲ್ಲೂ ದುಡ್ಡು ಕೊಳೆಯುತ್ತಿದೆ ಎಂಬುದು ಸಾಮಾನ್ಯ ಜ್ಞಾನ. ಹುಡುಗಿಯ ತಂದೆ ತೆಂಗಿನಕಾಯಿ ವ್ಯಾಪಾರಿ. ನನ್ನ ಸಂಪಾದನೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕಣ್ಣು ಹೊಡೆದು, “ಇರ್ಲಿ ಬಿಡ್ರಿ, ಎಲ್ಲಾನೂ ಬಾಯಿಬಿಟ್ಟು ಹೇಳಕಾಗಲ್ಲ” ಎಂದರು.

ಇಷ್ಟೇ ಸ್ವಾಮಿ ಎಂದು ನಾನು ಪಟ್ಟು ಹಿಡಿದೆ. ಅವರ ಗೌರವ ಇನ್ನೂ ಹೆಚ್ಚಿತು. ಕೆಲವು ತಿಂಗಳು ಅಷ್ಟೂ ಬರುವುದಿಲ್ಲ ಎಂದೆ. ಎದ್ದು ಬಂದು ಪಕ್ಕದಲ್ಲೇ ಕುಳಿತರು. ಕೇಸರಿಬಾತು ಎರಡು ಸಲ ಬಂತು. ಭಾವನ ಮುಖ ಅರಳಿತು.

ವಾರದ ನಂತರ ಬೇಡವೆಂದು ಹೇಳಿ ಕಳಿಸಿದರು. ಕಾರಣ ತುಂಬ ಮರ್ಯಾದೆಯಿಂದ ತಿಳಿಸಿದ್ದರು: ಇಷ್ಟು ಮುಚ್ಚಿಡುವವನ ಹತ್ತಿರ ಬಹಳ ಇರಬೇಕು, ಇಂದಲ್ಲ ನಾಳೆ ರೇಡ್ ಆಗುತ್ತದೆ, ಮಗಳ ಮನೆಯ ಬೀರು ಟೀವಿಯಲ್ಲಿ ನೋಡುವುದು ನಮ್ಮಿಂದಾಗದು.

ಒಂದೇ ಸಂಪಾದನೆ, ಚಿತ್ರದುರ್ಗದಲ್ಲಿ ಕಡಿಮೆಯಾಗಿತ್ತು, ಹಿರಿಯೂರಿನಲ್ಲಿ ಹೆಚ್ಚಾಯಿತು.

ಹೊಸದುರ್ಗ

ಇಲ್ಲಿ ಪ್ರಶ್ನೆ ಕೇಳಿದ್ದು ಹುಡುಗಿಯ ಅಜ್ಜಿ. ಅವರಿಗೆ ದುಡ್ಡಿನ ಚಿಂತೆಯಿಲ್ಲ. ಅಳತೆಗೆ ಹೋದಾಗ ಊಟ ಯಾರು ಹಾಕುತ್ತಾರೆ ಎಂಬುದಷ್ಟೇ ಬೇಕಿತ್ತು. ಒಬ್ಬರ ಮನೆಯಲ್ಲಿ ಉಂಡರೆ ಬದುವಿನ ಆಚೆಯವರು ತಕರಾರು ತೆಗೆಯುತ್ತಾರೆ, ಅದಕ್ಕೇ ನಾನು ಬುತ್ತಿ ಒಯ್ಯುತ್ತೇನೆ ಎಂದು ಹೆಮ್ಮೆಯಿಂದ ಹೇಳಿದೆ. ಅಜ್ಜಿ ಸೊಸೆಯ ಕಡೆ ತಿರುಗಿದರು.

“ಎರಡೂ ಕಡೆ ಊಟ ಇದ್ರೂ ಉಣ್ಣಾಕೆ ಬರಲ್ಲ. ಇಂಥೋನು ಸಂಸಾರ ಹೆಂಗೆ ಮಾಡ್ತಾನೆ?”

ಹೊಳಲ್ಕೆರೆ

ಈ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಡುಗಿಯ ತಂದೆ ರೈತರು. ಸಂಬಳ ಕೇಳಲೇ ಇಲ್ಲ. “ಬಾಯಿಮಾತು ಯಾಕ್ರಿ? ಭಾನುವಾರ ಬಂದು ನಮ್ಮ ಹೊಲ ಅಳೀರಿ. ಕೆಲಸ ನೋಡಿದ್ರೆ ದುಡಿಮೆ ಎಷ್ಟು ಅಂತ ಗೊತ್ತಾಗ್ತೈತೆ” ಎಂದರು. ಭಾವನಿಗೆ ಇದು ನ್ಯಾಯವಾಗಿ ಕಂಡಿತು.

ಹೋದೆವು. ಪಕ್ಕದ ಹೊಲ ಅವರ ದಾಯಾದಿಯದು. ಆತ ಬದುವಿನ ಮೇಲೆ ಕೈಕಟ್ಟಿ ನಿಂತಿದ್ದ. ಹುಡುಗಿ ಮಜ್ಜಿಗೆ ತಂದು ಹೊಂಗೆಮರದ ಕೆಳಗೆ ಕುಳಿತಳು. ನಾನು ಅಳತೆಯ ಕಂಬ ಹಿಡಿದು ನಿಂತದ್ದನ್ನು ನೋಡಿ, ಬಿಸಿಲಲ್ಲಿ ಹೀಗೆ ನಿಂತರೆ ಕಂಬ ಯಾವುದು, ನೀವು ಯಾರು ಅಂತ ಗೊತ್ತಾಗಲ್ಲ ಎಂದಳು. ಅಲ್ಲಿಯವರೆಗೆ ಮದುವೆ ಅವ್ವನಿಗೆ ಬೇಕಾಗಿತ್ತು. ಆ ಹೊತ್ತಿನಿಂದ ನನಗೆ ಬೇಕಾಯಿತು.

ಅಳತೆ ಮುಗಿಯುವ ಹೊತ್ತಿಗೆ ಹಳೆಯ ನಕ್ಷೆಯನ್ನು ಇನ್ನೊಮ್ಮೆ ಬಿಚ್ಚಿ ನೋಡಿದೆ. ಗಡಿ ಬೀಳುತ್ತಿದ್ದದ್ದು ಬದುವಿನ ಮೇಲಲ್ಲ. ಹುಡುಗಿಯ ತಂದೆಯ ಮೆಕ್ಕೆಜೋಳದ ಸಾಲುಗಳ ನಡುವೆ. ಅಂದರೆ ಉದ್ದಕ್ಕೂ ಒಂದು ಪಟ್ಟಿ ನೆಲ ದಾಯಾದಿಯದು. ತಂದೆ ನನ್ನನ್ನೇ ನೋಡುತ್ತಿದ್ದರು. ಸರ್ವೇಯರ್ ಅಳಿಯನಿಂದ ಅವರು ಬಯಸಿದ್ದ ದುಡಿಮೆ ಯಾವುದೆಂದು ಆಗ ತಿಳಿಯಿತು. ಬಾಯಿ ಮುಚ್ಚಿದರೆ ಹುಡುಗಿ ನನಗೆ, ಬಾಯಿ ಬಿಟ್ಟರೆ ನೆಲ ದಾಯಾದಿಗೆ.

ಮಜ್ಜಿಗೆ ಕೊಡುವ ನೆಪದಲ್ಲಿ ಹುಡುಗಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

“ಇವತ್ತು ಇಲ್ಲಿ ಸುಳ್ಳು ಹೇಳಿದ್ರೆ, ನಾಳೆ ನನಗೂ ಹೇಳ್ತೀರಿ.”

ಮಜ್ಜಿಗೆ ಕುಡಿದು, ಮೆಕ್ಕೆಜೋಳದ ನಡುವೆ ಕೈ ತೋರಿಸಿ, ಅಗೆಯಿರಿ ಎಂದೆ. ದಾಯಾದಿ ಹಾರೆ ತಂದು ತಾನೇ ಅಗೆದ. ಮಣ್ಣಿನಡಿ ಹಳೆಯ ಗಡಿಕಲ್ಲು ಸಿಕ್ಕಿತು. ಭಾವ ಚಪ್ಪಲಿ ಹುಡುಕತೊಡಗಿದರು.

ತಂದೆ ಕಲ್ಲನ್ನು ನೋಡುತ್ತ ನಿಂತರು. ದಾಯಾದಿಯ ಸಂತೋಷ ಮಾತ್ರ ನೆಲ ಸಿಕ್ಕಲ್ಲಿಗೆ ನಿಲ್ಲಲಿಲ್ಲ. ನನ್ನ ಹೆಗಲ ಮೇಲೆ ಕೈ ಹಾಕಿ, “ಇಂಥ ಹುಡುಗ ಎಲ್ಲಿ ಸಿಗ್ತಾನ್ರಿ? ನನಗೂ ಒಬ್ಬಳು ಮಗಳವಳೆ. ಬರ್ರಿ, ಮನೇಗೆ ಹೋಗಾಣ” ಎಂದ.

ತಂದೆ ತಲೆಯೆತ್ತಿದರು. ಎರಡು ಹೆಜ್ಜೆಯಲ್ಲಿ ಬಂದು ನನ್ನ ಇನ್ನೊಂದು ತೋಳು ಹಿಡಿದರು.

“ಕೈ ತೆಗೀಲೇ. ಇವ್ರು ನಮ್ಮ ಅಳಿಯ.”

ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ಮರದ ಆಚೆಗೆ ತಿರುಗಿದಳು. ಭಾವ ಶಿಸ್ತಿನ ಮನುಷ್ಯ. ಯಾವುದನ್ನೂ ಮುಚ್ಚಿಟ್ಟೆವು ಎಂಬ ಮಾತು ಬರಬಾರದೆಂದು, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ, ಹುಡುಗನಿಗೆ ತಿಂಗಳ ಸಂಬಳ ಎಂಬುದು ಇಲ್ಲ ಎಂದು ಶುರುಮಾಡಿದರು. ತಂದೆ ದಾಯಾದಿಯ ಮೇಲಿನ ಕಣ್ಣು ತೆಗೆಯದೆ ಉತ್ತರ ಕೊಟ್ಟರು.

“ಇಲ್ದಿದ್ರೆ ನಾನು ಸಾಕ್ತೀನ್ರಿ. ನೆಲಾನೂ ಅವನಿಗೆ, ಅಳೆದೋನೂ ಅವನಿಗಾ?”